ತಕರಾರು ಮುಗಿಯದೆ ಕಾಫಿ ಇಲ್ಲ

ನಮ್ಮ ಓದುಗರ ಬಳಗಕ್ಕೆ ಇರುವುದು ಒಂದೇ ಕಾನೂನು. ತಿಂಗಳ ಕೊನೆಯ ಭಾನುವಾರ ಡಾಲಸ್ ಸುತ್ತಮುತ್ತಲಿನ ಯಾರದಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಊಟ ಮುಗಿದ ಮೇಲೆ ಒಬ್ಬರು ಸಾಹಿತ್ಯದ ಬಗ್ಗೆ ಮಾತಾಡಬೇಕು. ಮಾತು ಮುಗಿದಾಗ ಚಪ್ಪಾಳೆ ಇಲ್ಲ, ಶಾಲು ಇಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ. ಕೂತವರಲ್ಲಿ ಯಾರಾದರೂ ಒಂದು ತಕರಾರು ಎತ್ತಬೇಕು, ಮಾತಾಡಿದವರು ಅದಕ್ಕೆ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕಾಫಿ ಒಲೆಯ ಮೇಲೇ ಇರುತ್ತದೆ. ಇದಕ್ಕೊಂದು ವಿನಾಯಿತಿ ಉಂಟು. ಸುತ್ತಿ ಬಳಸದೆ ನೇರವಾಗಿ "ಗೊತ್ತಿಲ್ಲ" ಎಂದು ಒಪ್ಪಿಕೊಂಡವರಿಗೆ ಮೊದಲ ಲೋಟ. ಬಳಗದಲ್ಲಿ ಆ ಲೋಟವನ್ನು ಯಾರಾದರೂ ಕುಡಿದದ್ದು ನನಗೆ ನೆನಪಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ನಮ್ಮ ಜನ ಇನ್ನೂ ಅರ್ಧ ಗಂಟೆ ಹೆಚ್ಚಿಗೆ ಮಾತಾಡುತ್ತಾರೆ ಅಷ್ಟೆ. ಅವರಲ್ಲಿ ನಾನೇ ಮೊದಲನೆಯವಳು.

ಈ ಕಾನೂನು ಮಾಡಿದವರು ನನ್ನ ಗಂಡ. ಹುಬ್ಬಳ್ಳಿ ಕಡೆಯವರು, ಮಣ್ಣಿನ ಎಂಜಿನಿಯರ್. ಮನೆ ಕಟ್ಟುವ ಮೊದಲು ನೆಲ ಕೊರೆಸಿ, ಒಳಗಿನ ಮಣ್ಣು ತೆಗೆಸಿ, ಅದು ಎಷ್ಟು ಉಬ್ಬುತ್ತದೆ ಎಷ್ಟು ಕುಗ್ಗುತ್ತದೆ ಎಂದು ಹೇಳುವ ಕೆಲಸ. ಡಾಲಸ್ಸಿನ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಮನೆಗಳ ತಳಪಾಯವನ್ನೇ ಎಳೆದಾಡುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ಆ ಬಿರುಕುಗಳನ್ನು ನೋಡಿ ಅವರಿಗಾದ ಖುಷಿ ಹೇಳತೀರದು. "ಏ, ಇದು ನಮ್ಮ ಎರಿ ಹೊಲಾನ ಐತಿ ನೋಡು! ಸಮುದ್ರಾ ದಾಟಿ ಬಂದ್ರೂ ಬೆನ್ನ ಬಿಡವಲ್ದು" ಎಂದು ರಸ್ತೆ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತುಬಿಟ್ಟಿದ್ದರು. ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನಲ್ಲಿ ಮನೆ ತೆಗೆದುಕೊಂಡ ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಮನೆಯ ಸುತ್ತ ಒಂದು ಸುತ್ತು ಬರುವುದು, ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರಿಸಿ ಸಂದು ನೋಡುವುದು, ಸಂದು ಕಂಡ ಕಡೆ ಮಣ್ಣು ಒಣಗಿ ಕುಗ್ಗದಂತೆ ನೀರಿನ ಪೈಪ್ ಹಾಸುವುದು ಅವರ ಪದ್ಧತಿಯಾಯಿತು. ದೇವರಿಗೆ ಹಾಕದ ಪ್ರದಕ್ಷಿಣೆ ಮಣ್ಣಿಗೆ ಹಾಕುತ್ತೀರಿ ಎಂದು ನಾನು ಛೇಡಿಸುತ್ತಿದ್ದೆ.

ನಾನು ಮೈಸೂರಿನವಳು. ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಒಳ್ಳೆಯ ಕವಿತೆ ಎಂದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಜಾತಿ. ಅವರೋ, ಕವಿತೆ ಓದಿದರೂ ಅಡಿಪಾಯ ಕೆದಕಿ ನೋಡುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವರಷ್ಟು ಮಾತು ಬಲ್ಲವರನ್ನು ನಾನು ಕಂಡಿಲ್ಲ, ನಮ್ಮ ಮನೆಯಲ್ಲಿ ಜಗಳವಿಲ್ಲದ ದಿನವನ್ನೂ ಕಂಡಿಲ್ಲ. ಗಾದೆಯ ಮೊದಲರ್ಧ ಸುಳ್ಳಾದದ್ದು ಆಮೇಲೆ.

ಬಳಗದಲ್ಲಿ ತಕರಾರಿನ ಕೆಲಸ ಹೆಚ್ಚುಕಡಿಮೆ ಅವರಿಗೇ ಮೀಸಲು. ಯಾರ ಮನೆಯಾದರೂ ಮೂಲೆಯ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ಎಲ್ಲ ಮುಗಿಯುವವರೆಗೆ ಕಾದು, ಒಂದೇ ಶಬ್ದದಿಂದ ಶುರು ಮಾಡುತ್ತಿದ್ದರು: "ಯಾಕ?" ಒಮ್ಮೆ ನಾನು ಒಂದು ಭಾವಗೀತೆ ಓದಿ, ಇದಕ್ಕಿಂತ ದೊಡ್ಡ ಕವಿತೆ ಕನ್ನಡದಲ್ಲಿ ಇಲ್ಲ ಎಂದುಬಿಟ್ಟೆ.

"ಯಾಕ?" ಅಂದರು.

"ಯಾಕೆ ಅಂದ್ರೆ? ಓದಿದ ತಕ್ಷಣ ಕಣ್ಣಲ್ಲಿ ನೀರು ಬರುತ್ತಲ್ರೀ."

"ಉಳ್ಳಾಗಡ್ಡಿ ಹೆಚ್ಚಿದ್ರೂ ಬರ್ತೈತಿ. ಹಂಗಂತ ಉಳ್ಳಾಗಡ್ಡಿಗೆ ಕವಿತಾ ಅಂತೀಯೇನು?"

ಇಡೀ ಮನೆ ನಕ್ಕಿತು. ಆ ದಿನ ಕಾಫಿ ಒಲೆಯ ಮೇಲೆ ಕುದಿದು ಕುದಿದು ಕಷಾಯವಾಯಿತು. ಮನೆಗೆ ಹೋಗುವ ದಾರಿಯಲ್ಲಿ ನಾನು ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಾ ಕೂತೆ. ಅವರು ಮಾತ್ರ ದಾರಿಯುದ್ದಕ್ಕೂ, ಆ ಕವಿತೆ ಯಾಕೆ ನಿಜಕ್ಕೂ ಒಳ್ಳೆಯದು ಎಂದು ನನಗೆ ವಿವರಿಸುತ್ತಾ ಬಂದರು. ಅವರ ವಿವರಣೆ ನನ್ನದಕ್ಕಿಂತ ಚೆನ್ನಾಗಿತ್ತು. ಅದರಿಂದ ಸಿಟ್ಟು ಇನ್ನಷ್ಟು ಏರಿತು.

ಪ್ರತಿ ವರ್ಷ ಕಾಲೇಜಿನಲ್ಲಿ ನಾನು ಬೋರ್ಡಿನ ನಡುಮಧ್ಯೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದೆ. ಎಡಗಡೆಗೆ ಯುರೋಪಿನ ಜ್ಞಾನೋದಯದ ಕಾಲ, ಬಲಗಡೆಗೆ ರಮ್ಯ ಕಾವ್ಯದ ಕಾಲ. ಎಡಗಡೆಯವರು ಪ್ರಶ್ನೆ ಕೇಳಿದರೆ ಲೋಕವೆಲ್ಲ ತಿಳಿಯುತ್ತದೆ ಎಂದು ನಂಬಿದವರು. ವಿಶ್ವಕೋಶ ಬರೆದರು, ಅರಸರನ್ನೂ ಪಾದ್ರಿಗಳನ್ನೂ ಗೇಲಿ ಮಾಡಿದರು, ದರ್ಜಿ ಬಟ್ಟೆ ಕತ್ತರಿಸುವಷ್ಟು ಅಳತೆಯಾಗಿ ದ್ವಿಪದಿ ಕತ್ತರಿಸಿದರು. ಕಾಫಿಮನೆಗಳಲ್ಲಿ ಗುಂಪು ಕೂಡಿ ವಾದ ಮಾಡಿದರು. ಬಲಗಡೆಯವರು ಒಬ್ಬೊಬ್ಬರೇ ಎದ್ದು ಬೆಟ್ಟದ ಕಡೆ ನಡೆದರು. ಪಾಳುಗೋಡೆ, ಮಗು, ಕನಸು, ಕುರಿ ಕಾಯುವವರ ಹಾಡು, ಮುದುಕಿಯರ ಬಾಯಲ್ಲಿದ್ದ ಲಾವಣಿ ಇವೆಲ್ಲ ಅವರಿಗೆ ವಿಶ್ವಕೋಶಕ್ಕಿಂತ ನಿಜ ಅನ್ನಿಸಿತು. ಬುದ್ಧಿಯ ಮನೆಯಲ್ಲಿ ಹೃದಯ ಉಪವಾಸ ಬಿದ್ದಿತ್ತು, ಅದಕ್ಕೇ ಕಾಲ ಮಗ್ಗುಲು ಬದಲಿಸಿತು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆ ಗಾಳಿಯೇ ತಡವಾಗಿ ನಮ್ಮ ಕಡೆ ಬೀಸಿ ಕನ್ನಡದಲ್ಲಿ ನವೋದಯವಾಯಿತು, ನಾನು ಬೆಳೆದದ್ದು ಅದರ ಹಾಡುಗಳನ್ನು ಕೇಳಿಕೊಂಡು. ಹಾಗಾಗಿ ಎಡಗಡೆಯದನ್ನು ಬೇಗ ಬೇಗ ಮುಗಿಸಿ ಬಲಗಡೆಗೆ ಬಂದು ನೆಮ್ಮದಿಯಾಗಿ ಕೂರುತ್ತಿದ್ದೆ.

ನನ್ನ ಪಾಠದ ಕಾಫಿಮನೆಗಳ ಕತೆ ಕೇಳಿಯೇ ಅವರು ಬಳಗಕ್ಕೆ ಈ ಕಾಫಿ ಕಾನೂನು ತಂದದ್ದು. ಆದರೆ ಬೋರ್ಡಿನ ಗೆರೆಯನ್ನು ಮಾತ್ರ ಒಪ್ಪಲಿಲ್ಲ. "ನೆಲಾ ಕೊರದ್ರ ಎಲ್ಲೂ ಹಂಗ ಗೆರಿ ಕಾಣೂದಿಲ್ಲ. ಒಂದ ಪದರು ಇನ್ನೊಂದ್ರಾಗ ಇಳದಿರ್ತೈತಿ" ಎನ್ನುತ್ತಿದ್ದರು.

ಕಳೆದ ಚಳಿಗಾಲಕ್ಕೆ ಬಳಗದವರು ಇದೇ ವಿಷಯವನ್ನು ಕನ್ನಡದಲ್ಲಿ ಎರಡು ಭಾನುವಾರ ಹೇಳಿ ಎಂದು ಕೇಳಿದರು. ನವೆಂಬರಿನಲ್ಲಿ ಬುದ್ಧಿಯ ಕಾಲ, ಜನವರಿಯಲ್ಲಿ ಭಾವದ ಕಾಲ. ನವೆಂಬರಿನ ಮಾತು ಚೆನ್ನಾಗಿ ಆಯಿತು. ಆಶ್ಚರ್ಯವೆಂದರೆ ನನ್ನ ಗಂಡ ತಕರಾರು ಎತ್ತಲಿಲ್ಲ. ಬೇರೆ ಯಾರೋ ಎತ್ತಿದರು, ಉತ್ತರ ಕೊಟ್ಟೆ, ಕಾಫಿ ಬಂತು. ಮನೆಗೆ ಅವರು ಡ್ರೈವ್ ಮಾಡುವಾಗ ಕೇಳಿದೆ.

"ಏನ್ರೀ, ಇವತ್ತು ಬಾಯಿಗೆ ಬೀಗ?"

"ಕೂಡಿ ಇಟ್ಟೀನಿ. ಜನವರಿಗೆ ಒಂದ ಪ್ರಶ್ನೆ ಐತಿ. ನಿನಗ ಉತ್ತರ ಬರೂದಿಲ್ಲ."

"ಯಾವ ಪ್ರಶ್ನೆ? ಹೇಳಿ ನೋಡೋಣ."

"ಈಗ ಹೇಳಿದ್ರ ನೀ ತಯಾರಿ ಮಾಡ್ಕೋತಿ. ಅವತ್ತ ಕೇಳ್ತೀನಿ. ಕಾಫಿ ಮರತುಬಿಡು."

ಸ್ಟಿಯರಿಂಗ್ ಮೇಲೆ ಬೆರಳು ಬಾರಿಸುತ್ತಾ ಮುಸಿಮುಸಿ ನಗುತ್ತಿದ್ದರು. ಡಿಸೆಂಬರ್ ಇಡೀ ಆ ಪ್ರಶ್ನೆಯನ್ನು ಅವರ ಬಾಯಿಂದ ಹೊರಡಿಸಲು ನಾನು ಮಾಡದ ಉಪಾಯವಿಲ್ಲ. ಜೋಳದ ರೊಟ್ಟಿ ಬಡಿದೆ. ರೊಟ್ಟಿ ತಿಂದರು, ಪ್ರಶ್ನೆ ಹೇಳಲಿಲ್ಲ.

ಜನವರಿಯ ಆರಂಭದ ಒಂದು ಶನಿವಾರ ಬೆಳಿಗ್ಗೆ ಎಂದಿನಂತೆ ಮನೆ ಸುತ್ತಿಬರಲು ಹೋದರು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹಿತ್ತಿಲ ಬಾಗಿಲಲ್ಲಿ ನಿಂತು ನನಗೆ ಏನೋ ಹೇಳಲು ಹೊರಟರು. ಬಾಯಿ ತೆರೆಯಿತು, ಮಾತು ಬರಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಲಗೈಯಲ್ಲಿದ್ದ ಪೈಪ್ ಜಾರಿ ಅಡಿಗೆಮನೆಯ ನೆಲದ ಮೇಲೆಲ್ಲ ನೀರು ಹರಿಯಿತು. ಅವರು ನೀರನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಆ ನೋಟ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಜೀವ ಉಳಿಯಿತು. ಬಲಗೈ ಸೋತಿತು, ಬಲಗಾಲು ಅರ್ಧ ಸೋತಿತು, ಮಾತು ಪೂರ್ತಿ ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಒಳಗೆ ವಿಚಾರವೂ ಮೊದಲಿನಂತೆಯೇ ಇದೆ, ಹೊರಗೆ ತರುವ ದಾರಿ ಮುಚ್ಚಿದೆ ಎಂದು ಡಾಕ್ಟರ್ ಚಿತ್ರ ತೋರಿಸಿ ಹೇಳಿದರು. ನನಗೆ ಥಟ್ಟನೆ ಹೊಳೆದದ್ದು ಆ ಪ್ರಶ್ನೆ. ಅದು ಅಲ್ಲೇ ಇದೆ, ಅವರ ತಲೆಯೊಳಗೇ. ಹುಚ್ಚಿಯಂತೆ ಅದನ್ನೇ ಹಿಡಿದುಕೊಂಡೆ. ಆ ಪ್ರಶ್ನೆ ಒಂದು ಅವರ ಬಾಯಿಂದ ಬಂದರೆ ನನ್ನ ಗಂಡ ನನಗೆ ವಾಪಸ್ ಬಂದಂತೆ ಎಂದು ತೀರ್ಮಾನಿಸಿಬಿಟ್ಟೆ.

ಮಾತಿನ ಚಿಕಿತ್ಸೆಗೆ ಹ್ಯೂಸ್ಟನ್ ಒಳ್ಳೆಯದು ಎಂದರು. ನಮ್ಮವರ ಅಂಗಡಿಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಹತ್ತಿರ, ಹಿಲ್‌ಕ್ರಾಫ್ಟ್ ರಸ್ತೆಯ ಹಿಂದೆ ಒಂದು ಸಣ್ಣ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದೆ. ಕಾಲೇಜಿನ ಪಾಠವನ್ನು ಆ ಸೆಮಿಸ್ಟರಿಗೆ ಆನ್‌ಲೈನ್ ಮಾಡಿಸಿಕೊಂಡೆ. ಆಸ್ಟಿನ್‌ನಲ್ಲಿ ಕೆಲಸದಲ್ಲಿರುವ ಮಗಳು ಶನಿವಾರ ಬಂದು ಭಾನುವಾರ ಹೋಗುತ್ತಿದ್ದಳು.

ಚಿಕಿತ್ಸೆ ಕೊಡುವ ಹೆಂಗಸು ವಯಸ್ಸಾದವಳು, ತಾಳ್ಮೆಯ ಮುದ್ದೆ. ಅವಳು ಹೇಳಿದ ಮಾತು ಇದು: ಆಡುವ ಮಾತು ಹೆಚ್ಚಾಗಿ ಮಿದುಳಿನ ಎಡಭಾಗದ್ದು, ಅದು ಪೆಟ್ಟು ತಿಂದಿದೆ. ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಆಡಲಾರದವರು ಹಾಡಬಲ್ಲರು. ನಾವು ಆ ಬಾಗಿಲಿಂದ ಹೋಗೋಣ. ಎಡಗಡೆ ವಾದ, ಬಲಗಡೆ ಹಾಡು. ವರ್ಷಗಟ್ಟಲೆ ನಾನು ಬೋರ್ಡಿನ ಮೇಲೆ ಎಳೆದ ಗೆರೆಯನ್ನು ಯಾರೋ ತೆಗೆದುಕೊಂಡು ಹೋಗಿ ನನ್ನ ಗಂಡನ ತಲೆಯೊಳಗೆ ಎಳೆದಿದ್ದರು.

ಅವಳು ಅವರ ಎಡಗೈಯನ್ನು ಮೇಜಿನ ಮೇಲಿಟ್ಟು ತಾಳ ತಟ್ಟುತ್ತಿದ್ದಳು. ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ಧಾಟಿ ಯಾವುದು ಎಂದು ನನ್ನನ್ನು ಕೇಳಿದಳು. ಹಾಡೆಂದರೆ ಎದ್ದು ಹೋಗುವ ಮನುಷ್ಯ ಇವರು, ಏನೂ ಗೊತ್ತಿರಲಾರದು ಎಂದೆ. ಮೂರನೆಯ ವಾರವೋ ಏನೋ, ತಾಳದ ನಡುವೆ ತಾವೇ ಬಾಯಿ ತೆರೆದು ಒಂದು ಬೀಸುವ ಪದ ಹಾಡಿದರು. ಅವರ ತಾಯಿ ಜೋಳ ಬೀಸುವಾಗ ಹಾಡುತ್ತಿದ್ದ ಪದವಂತೆ. ಹುಬ್ಬಳ್ಳಿಯಲ್ಲಿರುವ ನಾದಿನಿಗೆ ಫೋನ್ ಮಾಡಿ ಆಮೇಲೆ ತಿಳಿದುಕೊಂಡೆ. ಶಬ್ದ ಒಂದೂ ತಪ್ಪಲಿಲ್ಲ. ಕಲ್ಲು ತಿರುಗುವ ಲಯಕ್ಕೆ ತಲೆ ಮುಂದೆ ಹಿಂದೆ ಆಡುತ್ತಿತ್ತು. ಮದುವೆಯಾದ ಮೇಲೆ ಇಷ್ಟು ಕಾಲ ಇದನ್ನು ಎಲ್ಲಿ ಬಚ್ಚಿಟ್ಟಿದ್ದರೋ! ಚಿಕಿತ್ಸೆಯವಳು ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಅವರು ಮಾತ್ರ ಹಾಡು ಮುಗಿಸಿ ನನ್ನ ಕಡೆ ತಿರುಗಿ ಏನೋ ಹೇಳಲು ಹೊರಟು, ಮತ್ತೆ ಖಾಲಿ ಬಾಯಿ ಮುಚ್ಚಿಕೊಂಡರು.

ಆಮೇಲೆ ಅದೇ ಧಾಟಿಗೆ ದಿನದ ಮಾತುಗಳನ್ನು ಹೊಂದಿಸುವುದು ನನ್ನ ಕೆಲಸವಾಯಿತು. "ನೀರು ಕೊಡು", "ಕಾಲು ನೋಯ್ತೈತಿ", "ದೀಪ ಆರ್ಸು." ಎಲ್ಲವೂ ಬೀಸುವ ಪದದ ರಾಗದಲ್ಲಿ. ಬೇಕು ಬೇಡಗಳಿಗೆ ರಾಗ ಸಾಕಾಗುತ್ತಿತ್ತು. ತಕರಾರಿಗೆ ರಾಗ ಕಟ್ಟುವುದು ನನಗೆ ಬರಲಿಲ್ಲ. ಇವರು ಏನು ಕೇಳಬೇಕೆಂದಿದ್ದಾರೆ ಎಂಬುದು ನನಗೆ ಗೊತ್ತಿದ್ದರಲ್ಲವೇ ಅದಕ್ಕೆ ಧಾಟಿ ಹೊಂದಿಸುವುದು? ರಾಗವಿಲ್ಲದೆ ಒಂದು ಸ್ವಂತ ಶಬ್ದ ಬಂದ ದಿನ ನನಗೆ ಹೇಳಿ, ಅದು ದೊಡ್ಡ ದಿನ ಎಂದು ಚಿಕಿತ್ಸೆಯವಳು ಹೇಳಿದ್ದಳು.

ಅದೇ ವಾರ ಕಾಲೇಜಿನ ಪಾಠ ರಮ್ಯ ಕಾವ್ಯಕ್ಕೆ ಬಂತು. ಅಡಿಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕವಿಗಳು ಮುದುಕಿಯರ ಲಾವಣಿಗಳಿಗೆ ಕಿವಿಗೊಟ್ಟ ಕತೆ ಹೇಳುತ್ತಿದ್ದೆ. ಪಕ್ಕದ ಕೋಣೆಯಿಂದ ಬೀಸುವ ಪದ ಕೇಳುತ್ತಿತ್ತು. ನೀರು ಬೇಕಾಗಿತ್ತು ಅವರಿಗೆ. ಒಬ್ಬಳು ಹುಡುಗಿ, ನೀವು ಗೆರೆಯ ಯಾವ ಕಡೆಯವರು ಎಂದು ಕೇಳಿದಳು. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಪ್ರತಿ ವರ್ಷ ಎದೆಯ ಮೇಲೆ ಕೈಯಿಟ್ಟು ಬಲಗಡೆ ಎನ್ನುತ್ತೇನೆ. ಆ ದಿನ ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕ್ಯಾಮೆರಾ ಆಫ್ ಮಾಡಿದೆ. ಕಾಲ ಮಗ್ಗುಲು ಬದಲಿಸಿತು ಎಂದು ಎಷ್ಟು ಸಲೀಸಾಗಿ ಹೇಳುತ್ತಿದ್ದೆ! ಬುದ್ಧಿಯ ಮೇಲೆ ಅಷ್ಟು ಭರವಸೆ ಇಟ್ಟವರ ಕಣ್ಣೆದುರೇ ಫ್ರಾನ್ಸಿನ ಕ್ರಾಂತಿಯಲ್ಲಿ ರಕ್ತ ಹರಿಯಿತು, ಆಮೇಲೆ ಯುದ್ಧಗಳಾದವು. ಎಷ್ಟೋ ಜನ ಇಷ್ಟಪಟ್ಟು ಬೆಟ್ಟದ ಕಡೆ ಹೋಗಿರಲಾರರು. ಕೂತಿದ್ದ ಮನೆ ಬಿದ್ದುಹೋಗಿ ಹೋದರೇನೋ. ಇದನ್ನು ಪಾಠದಲ್ಲಿ ಹೇಳಬೇಕಿತ್ತು ಅನ್ನಿಸಿತು, ಮತ್ತೆ ಕ್ಯಾಮೆರಾ ಹಾಕುವ ಶಕ್ತಿ ಇರಲಿಲ್ಲ.

ಡಾಲಸ್ಸಿನ ಗೆಳತಿಯರ ಫೋನುಗಳು ಬರುತ್ತಿದ್ದವು. ನಮ್ಮ ಬಳಗಕ್ಕೆ ತಾಯಿಯಂತಿರುವ ಸೌತ್‌ಲೇಕ್‌ನ ಗೆಳತಿ, "ಬೇಜಾರು ಮಾಡ್ಕೋಬೇಡಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ವಾ" ಎಂದಳು. ನನಗೆ ಬೆಳ್ಳಿಯೇ ಸಾಕಾಗಿತ್ತು. ಬಂಗಾರ ಯಾರು ಕೇಳಿದ್ದರು?

ಮಾರ್ಚ್ ಕೊನೆಗೆ ಡಾಲಸ್ಸಿಗೆ ಮರಳಿದೆವು. ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿ ಎಂದು ಬಳಗದವರು ಕೇಳಿದಾಗ ನಾನು ಕುಣಿದುಕೊಂಡು ಒಪ್ಪಿದೆ. ಬಳಗದವರು ತುಂಬಿದ ಕೋಣೆ, ಮೂಲೆ ಕುರ್ಚಿ, ನನ್ನ ಭಾವದ ಕಾಲದ ಮಾತು, ಇವೆಲ್ಲ ಒಟ್ಟಿಗೆ ಸೇರಿದರೆ ಆ ಪ್ರಶ್ನೆಗೆ ಹೊರಬರದೆ ಗತಿಯಿಲ್ಲ ಎಂದು ನನ್ನ ಲೆಕ್ಕಾಚಾರ. ಮಗಳೂ ಆಸ್ಟಿನ್‌ನಿಂದ ಬಂದಳು. ಸೌತ್‌ಲೇಕ್‌ನ ಗೆಳತಿಯ ದೊಡ್ಡ ಮನೆಯಲ್ಲಿ ಇಪ್ಪತ್ತು ಮೂವತ್ತು ಜನ. ನನ್ನ ಗಂಡನನ್ನು ಕೈಹಿಡಿದು ಕರೆತಂದು ಅವರದೇ ಕುರ್ಚಿಯಲ್ಲಿ ಕೂರಿಸಿದರು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ಮಾತಾಡಿದೆ. ಬೇಕೆಂದೇ ಅಲ್ಲಲ್ಲಿ ಸಡಿಲ ಬಿಟ್ಟೆ. ಬುದ್ಧಿ ಕೈಬಿಟ್ಟಲ್ಲಿ ಭಾವ ಕೈಹಿಡಿಯುತ್ತದೆ ಎಂಬಂಥ, ಅವರಿಗೆ ಮೈಯೆಲ್ಲ ಉರಿಯುವ ವಾಕ್ಯಗಳನ್ನು ಅವರ ಮುಖ ನೋಡಿಕೊಂಡೇ ಹೇಳಿದೆ. ಮುಗಿಯಿತು. ಎಲ್ಲರೂ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು. ಕುರ್ಚಿಯಲ್ಲಿ ನನ್ನ ಗಂಡ ನೆಟ್ಟಗಾದರು. ಎಡಗೈ ಮೇಲೆತ್ತಿದರು. ತುಟಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು.

ಬರುತ್ತಿದೆ ಎಂದು ನನಗೆ ಗೊತ್ತಾಯಿತು.

"ಅಯ್ಯೋ, ಸರ್ ಹಾಡ್ತಾರಂತೆ!" ಎಂದಳು ಸೌತ್‌ಲೇಕ್‌ನ ಗೆಳತಿ.

ಹ್ಯೂಸ್ಟನ್‌ನಿಂದ ನಾನು ಕಳಿಸಿದ್ದ ಅವರ ಹಾಡಿನ ವಿಡಿಯೋ ಎಲ್ಲರೂ ನೋಡಿದ್ದರು, ಧಾಟಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಕಷ್ಟಪಡುತ್ತಿದ್ದಾರೆ, ನೆರವಾಗೋಣ ಎಂದು ಹೆಂಗಸರೆಲ್ಲ ಮೆಲ್ಲನೆ ಗುನುಗಲು ಶುರುಮಾಡಿದರು. ಬೇಡ, ಸುಮ್ಮನಿರಿ ಎಂದು ನಾನು ಕೈ ಆಡಿಸಿದ್ದನ್ನು ತಾಳ ಹಾಕುತ್ತಿದ್ದಾಳೆ ಎಂದು ತಿಳಿದರು. ರಾಗ ಒಮ್ಮೆ ಕಿವಿಗೆ ಬಿದ್ದರೆ ಅವರಿಂದ ತಡೆಯಲಾಗುತ್ತಿರಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇತ್ತು, ಬಾಯಿಯಿಂದ ಬೀಸುವ ಪದ ಹೊರಟಿತು. ಹಾಡುತ್ತಾ ಹಾಡುತ್ತಾ ಕಣ್ಣಿಂದ ನೀರು ಸುರಿಯಿತು. ಅದನ್ನು ನೋಡಿ ಅರ್ಧ ಕೋಣೆ ಅತ್ತಿತು. ಮುಗಿದಾಗ, ನಮ್ಮ ಬಳಗದಲ್ಲಿ ಮೊದಲನೆಯ ಸಲ, ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಷ್ಟು ಭಾವ ನೋಡಿ! ಮಾತು ಹೋಗಿ ಸರ್ ಕವಿ ಆಗ್ಬಿಟ್ರು" ಎಂದು ಗೆಳತಿ ನನ್ನ ಭುಜ ಹಿಡಿದಳು. ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಥ್ಯಾಂಕ್ಸ್ ಎಂದೆ. ಅವಳಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹ್ಯೂಸ್ಟನ್‌ಗೆ ಡಬ್ಬಿಗಟ್ಟಲೆ ಚಟ್ನಿಪುಡಿ ಕಳಿಸಿದವಳು ಅವಳು. "ಇವತ್ತು ತಕರಾರು ಗಿಕರಾರು ಬೇಡಪ್ಪ, ಎಲ್ಲರ ಮನಸ್ಸು ತುಂಬಿದೆ" ಎಂದು ಅವಳೇ ಟ್ರೇ ತಂದಳು. ಮೊದಲ ಲೋಟವನ್ನು ನನ್ನ ಗಂಡನ ಎಡಗೈಗೆ ಕೊಟ್ಟಳು. ಅವರು ಅದನ್ನು ನೋಡಿ, ಬೆರಳು ಬಿಟ್ಟರು. ಕಾಫಿ ಬಿಳಿ ಕಾರ್ಪೆಟ್ ಮೇಲೆ ಚೆಲ್ಲಿತು.

"ಪರವಾಗಿಲ್ಲ ಸರ್, ಪರವಾಗಿಲ್ಲ. ಕೈಯಲ್ಲಿ ಶಕ್ತಿ ಬರ್ಬೇಕಲ್ವಾ" ಎಂದು ಯಾರೋ ಒರೆಸಲು ಓಡಿದರು.

ಅವರ ಎಡಗೈಗೆ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಅವಳು ನನ್ನ ಪಕ್ಕ ಬಂದು ಪಿಸುಗುಟ್ಟಿದಳು: "ಅಮ್ಮಾ, ಹಿ ಈಸ್ ನಾಟ್ ಸ್ಯಾಡ್. ಹಿ ಈಸ್ ಆಂಗ್ರಿ."

ಅಲ್ಲಿಂದ ನೇರವಾಗಿ ಅವಳು ನಮ್ಮಿಬ್ಬರನ್ನೂ ಆಸ್ಟಿನ್‌ಗೆ ಕರೆದುಕೊಂಡು ಹೊರಟಳು. ಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುವುದು ಬೇಡ ಅಂತ ಇರಬೇಕು. ಹೈವೇ ಬದಿಯಲ್ಲಿ ನೀಲಿ ಹೂವುಗಳು ಆಗಲೇ ಅರಳಿದ್ದವು. ಹಿಂದಿನ ಸೀಟಿನಲ್ಲಿ ಕೂತು ನಾನು ಅಪ್ಪ ಮಗಳನ್ನು ನೋಡುತ್ತಿದ್ದೆ. ಚಿಕ್ಕಂದಿನಿಂದ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಅದಕ್ಕಾಗಿ ಅವರು ಅವಳನ್ನು ಎಷ್ಟು ಬೈದಿದ್ದರು! ಈಗ ಅವರದೂ ಅದೇ ಸ್ಥಿತಿ. ಒಳಗೆ ಎಲ್ಲ ಇದ್ದು ನಾಲಿಗೆಗೆ ಬರದೆ ಇರುವುದು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಅವರಿಗೆ ಶಬ್ದ ಒದಗಿಸಲು ಹೋಗುತ್ತಿರಲಿಲ್ಲ, ಗುನುಗುತ್ತಿರಲಿಲ್ಲ. ಅವರ ಬಾಯಿ ತೆರೆದಾಗ ರೇಡಿಯೊ ಸದ್ದು ತಗ್ಗಿಸಿ ಕಾಯುತ್ತಿದ್ದಳು. ಏನೂ ಬರದಿದ್ದರೆ "ಓಕೆ, ಡ್ಯಾಡ್" ಎಂದು ಮತ್ತೆ ಸದ್ದು ಏರಿಸುತ್ತಿದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಮರುದಿನ ಸಂಜೆ ಅವಳು ನಮ್ಮನ್ನು ನದಿಯ ಸೇತುವೆಯ ಬಳಿ ಕರೆದೊಯ್ದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಆ ಸೇತುವೆಯ ಅಡಿಯ ಸಂದುಗಳಲ್ಲಿ ಬಾವಲಿಗಳು ಬಂದು ತುಂಬಿಕೊಳ್ಳುತ್ತವೆ, ಸೂರ್ಯ ಮುಳುಗುತ್ತಲೂ ಒಟ್ಟಿಗೆ ಹೊರಡುತ್ತವೆ. ನೋಡಲು ಜನ ಸೇರುತ್ತಾರೆ. ಹಿಂದೆ ಬಂದಾಗ ನಾನು ಆಕಾಶ ನೋಡುತ್ತಿದ್ದೆ, ಅವರು ಕಾಂಕ್ರೀಟಿನ ಸಂದು ಎಷ್ಟು ಅಗಲ ಇರಬೇಕು, ಬಾವಲಿಗೆ ಅದೇ ಯಾಕೆ ಹಿತ ಎಂದು ಪಕ್ಕದವರಿಗೆಲ್ಲ ಪಾಠ ಮಾಡುತ್ತಿದ್ದರು. ಈ ಸಲ ದಡದ ಹುಲ್ಲಿನ ಮೇಲಿನ ಬೆಂಚಿನಲ್ಲಿ ಮೂವರೂ ಕೂತೆವು. ನನ್ನ ಚೀಲದಲ್ಲಿ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇತ್ತು. ತೆಗೆಯಲು ಮನಸ್ಸಾಗಲಿಲ್ಲ.

ಮೊದಲು ಒಂದೆರಡು, ಆಮೇಲೆ ಒಮ್ಮೆಲೇ ಹೊಗೆ ಎದ್ದಂತೆ ಹೊರಟವು. ನೀರಿನ ಮೇಲೆ ಬಾಗಿ ತಿರುಗಿ ಪೂರ್ವಕ್ಕೆ ಹರಿದವು. ದಡದ ಜನರೆಲ್ಲ ಒಟ್ಟಿಗೆ ಉದ್ಗಾರ ತೆಗೆದರು. ನನಗೂ ಎದೆ ತುಂಬಿ ಬಂತು, ಏನು ಮಾಡಲಿ, ಹುಟ್ಟುಗುಣ.

"ಯಾಕ?"

ನಾನು ತಿರುಗಿದೆ. ರಾಗವಿರಲಿಲ್ಲ. ಸ್ವಲ್ಪ ತೊದಲಿತ್ತು, ಅಷ್ಟೆ. ಅದೇ ಶಬ್ದ, ಮೂಲೆಯ ಕುರ್ಚಿಯದು.

ಮಗಳು ಹೌಹಾರಿ, ಬಾವಲಿಗಳು ಹುಳ ತಿನ್ನಲು ಹೋಗುತ್ತವೆ ಎಂದು ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದಳು. ಅವರು ತಲೆ ಅಲ್ಲಾಡಿಸಿದರು. ಅವರು ಆಕಾಶ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಎಡಗೈಯಿಂದ ತಮ್ಮ ಸೋತ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ, ತಂದು ನನ್ನ ಮಡಿಲಲ್ಲಿ ಇಟ್ಟರು.

"ಯಾಕ?"

ಇದು ನವೆಂಬರಿನ ಆ ಪ್ರಶ್ನೆಯೋ ಅಲ್ಲವೋ, ಹೇಳಲಾರೆ. ಅದು ಇನ್ನೇನೋ ಇದ್ದಿರಬೇಕು; ಅದು ಇನ್ನು ನನ್ನ ಕಿವಿಗೆ ಬೀಳುವುದಿಲ್ಲ ಎಂದು ಆ ಕ್ಷಣಕ್ಕೆ ನನಗೆ ಖಚಿತವಾಯಿತು. ಆ ಕೈ ತಣ್ಣಗಿತ್ತು, ಭಾರವಾಗಿತ್ತು. ನಾಳ ಕಟ್ಟಿಕೊಂಡದ್ದು, ರಕ್ತದೊತ್ತಡ, ಇವೆಲ್ಲ ಡಾಕ್ಟರ್ ಹೇಳಿದ್ದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ದೇವರು, ಹಣೆಬರಹ ಎಂದರೆ ಆ ಸ್ಥಿತಿಯಲ್ಲೂ ಎದ್ದು ಹೋಗುತ್ತಿದ್ದರು. ನೋವು ಮನುಷ್ಯನನ್ನು ಆಳ ಮಾಡುತ್ತದೆ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಆ ವಾಕ್ಯ ನಾಲಿಗೆಯ ತುದಿಗೂ ಬರಲಿಲ್ಲ. ಉತ್ತರ ಗೊತ್ತಿಲ್ಲದೆ ಅರ್ಧ ಗಂಟೆ ಮಾತಾಡುವವಳು ಈ ಸಲ ಸುತ್ತಿ ಬಳಸಲಿಲ್ಲ.

"ಗೊತ್ತಿಲ್ಲ ಕಣ್ರೀ" ಎಂದೆ.

ಅವರು ಎಡಗೈಯನ್ನು ನನ್ನ ಚೀಲಕ್ಕೆ ಹಾಕಿ ಫ್ಲಾಸ್ಕ್ ಎಳೆದುಕೊಂಡರು. ಅದನ್ನು ತೊಡೆಗಳ ನಡುವೆ ಇರುಕಿಸಿ ಮುಚ್ಚಳ ತಿರುಗಿಸತೊಡಗಿದರು. ನನ್ನ ಕೈ ಮುಂದೆ ಹೋಯಿತು, ಮಗಳು ಹಿಡಿದು ನಿಲ್ಲಿಸಿದಳು. ಮುಚ್ಚಳ ಜಾರಿತು, ಮತ್ತೆ ಹಿಡಿದರು, ತಿರುಗಿತು. ಅದೇ ಮುಚ್ಚಳವನ್ನು ಬೆಂಚಿನ ಮೇಲಿಟ್ಟು ಕಾಫಿ ಸುರಿದರು. ಅರ್ಧ ಬೆಂಚಿಗೆ ಹೋಯಿತು, ಅರ್ಧ ಒಳಗೆ ಬಿತ್ತು. ಎತ್ತಿ ನನ್ನ ಮುಂದೆ ಹಿಡಿದರು.

ಮೊದಲ ಲೋಟ ನನ್ನದು. ಕಾಫಿ ಆರಿತ್ತು, ಸಕ್ಕರೆ ಹಾಕುವುದನ್ನು ಬೆಳಿಗ್ಗೆ ಮರೆತಿದ್ದೆ. ಅಳುತ್ತಲೇ ಪೂರ್ತಿ ಕುಡಿದೆ.